ಬಿಪಿ ಮಾತ್ರೆಗಳಲ್ಲಿ ಯಾವುದು ಯಾರಿಗೆ: ಅಡ್ಡಪರಿಣಾಮಗಳನ್ನು ಮುಂದಿಟ್ಟು ಒಂದು ಹೋಲಿಕೆ

ಬಿಪಿ ಇದೆ ಎಂದು ಗೊತ್ತಾದ ವಾರದೊಳಗೆ ಮನೆಗೆ ಬಂದವರೆಲ್ಲ ಒಂದೊಂದು ಮಾತ್ರೆಯ ಹೆಸರು ಹೇಳಿ ಹೋಗುತ್ತಾರೆ. ನಮ್ಮ ಭಾವನಿಗೆ ಟೆಲ್ಮಿಸಾರ್ಟನ್ ಚೆನ್ನಾಗಿ ಹೊಂದಿಕೊಂಡಿತು, ನೀವೂ ಅದನ್ನೇ ಬರೆಸಿಕೊಳ್ಳಿ. ಅಮ್ಲೋಡಿಪಿನ್ ಬೇಡವೇ ಬೇಡ, ಕಾಲು ಊದುತ್ತದೆ. ಒಮ್ಮೆ ಶುರು ಮಾಡಿದರೆ ಬಿಡುವ ಹಾಗಿಲ್ಲ, ಆದಷ್ಟು ದಿನ ಮುಂದೂಡಿ. ಮೊದಲ ಎರಡು ಮಾತಿನಲ್ಲಿ ಅಷ್ಟಿಷ್ಟು ಸತ್ಯವಿದೆ. ಮೂರನೆಯದು ಮಾತ್ರ ಜನರನ್ನು ಪಾರ್ಶ್ವವಾಯುವಿನ ಕಡೆಗೆ ತಳ್ಳುವ ಮಾತು.

ಹಾಗಾದರೆ ಯಾವ ಮಾತ್ರೆ ಒಳ್ಳೆಯದು? ಬಿಪಿ ಇಳಿಸುವ ಶಕ್ತಿಯೊಂದನ್ನೇ ನೋಡಿದರೆ ಮುಖ್ಯ ಗುಂಪುಗಳ ನಡುವೆ ದೊಡ್ಡ ಅಂತರವಿಲ್ಲ. ನಮ್ಮ ದೇಶದಲ್ಲೇ ನಡೆದ ಟಾಪ್‌ಸ್ಪಿನ್ ಅಧ್ಯಯನದಲ್ಲಿ 32 ಆಸ್ಪತ್ರೆಗಳ 1,981 ಮಂದಿಯನ್ನು ಮೂರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಬಗೆಯ ಜೋಡಿ ಮಾತ್ರೆ ಕೊಟ್ಟರು. ಆರು ತಿಂಗಳು ಕಳೆದ ಮೇಲೆ ನೋಡಿದರೆ ಮೂರೂ ಗುಂಪಿನಲ್ಲಿ ಬಿಪಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿತ್ತು. ನೂರಕ್ಕೆ ಸುಮಾರು 70 ಮಂದಿ 140/90ರ ಒಳಗೆ ಬಂದಿದ್ದರು. ಅದಕ್ಕೂ ಬಹಳ ಹಿಂದೆ, 2002ರಲ್ಲಿ, ಅಮೆರಿಕದ ಆಲ್‌ಹ್ಯಾಟ್ ಅಧ್ಯಯನ 33,000ಕ್ಕೂ ಹೆಚ್ಚು ಮಂದಿಯಲ್ಲಿ ಕ್ಲೋರ್‌ಥಾಲಿಡೋನ್, ಅಮ್ಲೋಡಿಪಿನ್, ಲಿಸಿನೊಪ್ರಿಲ್ ಈ ಮೂರನ್ನೂ ತೂಗಿ ನೋಡಿತ್ತು. ಹೃದಯಾಘಾತ ತಡೆಯುವ ವಿಷಯದಲ್ಲಿ ಮೂರೂ ಸಮಸಮ ಬಂದವು.

ಆದ್ದರಿಂದ ನಿಜವಾದ ಹೋಲಿಕೆ ಮಾಡಬೇಕಾದ್ದು ಬೇರೆ ಕಡೆ. ನಿಮಗೆ ಬಿಪಿಯ ಜೊತೆ ಇನ್ನೇನು ಕಾಯಿಲೆ ಇದೆ, ಯಾವ ಅಡ್ಡಪರಿಣಾಮವನ್ನು ನಿಮ್ಮ ದೇಹ ತಡೆದುಕೊಳ್ಳುತ್ತದೆ, ಯಾವುದನ್ನು ತಡೆದುಕೊಳ್ಳುವುದಿಲ್ಲ ಎಂಬುದರಲ್ಲಿ. ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಎಷ್ಟೋ ಮನೆಗಳಲ್ಲಿ ಬಿಪಿ ಮಾತ್ರೆಯಿಂದ ಬಂದ ತೊಂದರೆಯನ್ನು ಹೊಸ ಕಾಯಿಲೆ ಎಂದುಕೊಂಡು ಅದಕ್ಕೆ ಮತ್ತೊಂದು ಮಾತ್ರೆ ಸೇರಿಸುತ್ತಾರೆ. ಇಲ್ಲವೇ ಯಾರಿಗೂ ಹೇಳದೆ ಬಿಪಿ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಎರಡೂ ಬೇಕಿಲ್ಲ. ಯಾವ ತೊಂದರೆ ಯಾವ ಮಾತ್ರೆಯದು ಎಂದು ಗೊತ್ತಿದ್ದರೆ ಹೆಚ್ಚಿನ ಸಲ ಮಾತ್ರೆ ಬದಲಿಸಿದರೆ ಸಾಕಾಗುತ್ತದೆ.

ಮೊದಲು ಸ್ಟ್ರಿಪ್ ಓದಿ

ಕಂಪನಿಯ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ, ಒಳಗಿರುವ ಔಷಧದ ಹೆಸರು ಸಣ್ಣ ಅಕ್ಷರದಲ್ಲಿ. ನಿಮಗೆ ಬೇಕಾದ್ದು ಆ ಸಣ್ಣ ಅಕ್ಷರ. ಹೆಸರಿನ ಕೊನೆ ನೋಡಿದರೂ ಗುಂಪು ತಿಳಿಯುತ್ತದೆ. '-ಡಿಪಿನ್' ಎಂದು ಮುಗಿದರೆ ಕ್ಯಾಲ್ಸಿಯಂ ಬ್ಲಾಕರ್, '-ಸಾರ್ಟನ್' ಎಂದರೆ ಎಆರ್‌ಬಿ, '-ಪ್ರಿಲ್' ಎಂದರೆ ಎಸಿಇ ತಡೆಮಾತ್ರೆ, '-ಲಾಲ್' ಎಂದರೆ ಬೀಟಾ ಬ್ಲಾಕರ್. ಮೂತ್ರ ಹೆಚ್ಚಿಸುವ ಮಾತ್ರೆಗಳಿಗೆ ಇಂಥ ಒಂದೇ ಬಾಲ ಇಲ್ಲ.

ಜೋಡಿ ಮಾತ್ರೆಗಳಲ್ಲಿ ಬ್ರಾಂಡ್ ಹೆಸರಿನ ಮುಂದೆ ಒಂದೆರಡು ಅಕ್ಷರ ಅಂಟಿಕೊಂಡಿರುತ್ತವೆ. 'ಎಎಂ' ಇದ್ದರೆ ಸಾಮಾನ್ಯವಾಗಿ ಅಮ್ಲೋಡಿಪಿನ್ ಸೇರಿದೆ, 'ಎಚ್' ಇದ್ದರೆ ಹೈಡ್ರೋಕ್ಲೋರೋಥಯಾಝೈಡ್, 'ಸಿಟಿ' ಇದ್ದರೆ ಕ್ಲೋರ್‌ಥಾಲಿಡೋನ್. ಇದು ಗೊತ್ತಿಲ್ಲದೆ ಆಗುವ ಅನಾಹುತ ಒಂದಿದೆ. ಒಬ್ಬ ವೈದ್ಯರು ಬರೆದ ಟೆಲ್ಮಿಸಾರ್ಟನ್ ಮನೆಯಲ್ಲಿರುತ್ತದೆ, ಇನ್ನೊಬ್ಬರು 'ಎಎಂ' ಜೋಡಿ ಬರೆಯುತ್ತಾರೆ, ಹೆಸರು ಬೇರೆ ಎಂದು ರೋಗಿ ಎರಡನ್ನೂ ನುಂಗುತ್ತಾರೆ. ಬೆಳಿಗ್ಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುವವರೆಗೆ ಯಾರಿಗೂ ತಿಳಿಯುವುದಿಲ್ಲ. ಹೊಸ ಚೀಟಿ ಬಂದ ದಿನ ಹಳೆಯ ಸ್ಟ್ರಿಪ್‌ಗಳನ್ನೂ ಮೆಡಿಕಲ್ ಶಾಪಿನ ಕೌಂಟರ್ ಮೇಲೆ ಇಟ್ಟು ಕೇಳಿ.

ಅಮ್ಲೋಡಿಪಿನ್ ಮತ್ತು ಕಾಲಿನ ಊತ

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅತಿ ಹೆಚ್ಚು ಕೊಡುವ ಬಿಪಿ ಮಾತ್ರೆಗಳಲ್ಲಿ ಇದೂ ಒಂದು. ಅದಕ್ಕೆ ಸರಿಯಾದ ಕಾರಣವಿದೆ. ಬೆಲೆ ಕಡಿಮೆ, ದಿನಕ್ಕೊಂದೇ ಸಾಕು, ಶುರು ಮಾಡುವ ಮೊದಲು ರಕ್ತ ಪರೀಕ್ಷೆ ಕಡ್ಡಾಯವಲ್ಲ, ಕಿಡ್ನಿಗೆ ತೊಂದರೆಯಿಲ್ಲ, ಸಕ್ಕರೆ ಏರಿಸುವುದಿಲ್ಲ. ಅರ್ಧದಷ್ಟು ಔಷಧ ದೇಹದಿಂದ ಹೊರಹೋಗಲು 35ರಿಂದ 50 ಗಂಟೆ ಬೇಕು. ಒಂದು ದಿನ ಮರೆತರೂ ಬಿಪಿ ತಕ್ಷಣ ಜಿಗಿಯುವುದಿಲ್ಲ. ಇದೇ ಕಾರಣಕ್ಕೆ ಪೂರ್ತಿ ಕೆಲಸ ತೋರಿಸಲು ಒಂದು ವಾರ ತೆಗೆದುಕೊಳ್ಳುತ್ತದೆ. ಮೂರನೇ ದಿನಕ್ಕೆ ಬಿಪಿ ಇಳಿದಿಲ್ಲವೆಂದು ಮಾತ್ರೆ ಬದಲಿಸಿಕೊಳ್ಳುವವರು ಅದಕ್ಕೆ ಅವಕಾಶವನ್ನೇ ಕೊಟ್ಟಿರುವುದಿಲ್ಲ.

ಇದರ ದೋಷ ಪಾದ ಮತ್ತು ಕಣಕಾಲಿನ ಊತ. ಎಲ್ಲರಿಗೂ ಬರುತ್ತದೆ ಎಂಬುದು ಸುಳ್ಳು. 5 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ, 10 ಮಿಲಿಗ್ರಾಂನಲ್ಲಿ ಸುಮಾರು 11 ಮಂದಿಗೆ ಕಾಣಿಸಿಕೊಂಡಿದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಸಂಜೆಗೆ ಊತ ಏರಿ, ಕಾಲು ಮೇಲಿಟ್ಟು ಮಲಗಿದರೆ ಬೆಳಿಗ್ಗೆಗೆ ಸ್ವಲ್ಪ ಇಳಿದಿರುತ್ತದೆ.

ಈ ಊತ ಏಕೆ ಬರುತ್ತದೆ ಎಂದು ತಿಳಿದರೆ ಪರಿಹಾರವೂ ತಾನಾಗಿ ತಿಳಿಯುತ್ತದೆ. ಅಮ್ಲೋಡಿಪಿನ್ ರಕ್ತ ತರುವ ಸಣ್ಣ ಅಪಧಮನಿಗಳನ್ನು ಅಗಲ ಮಾಡುತ್ತದೆ, ರಕ್ತ ವಾಪಸು ಒಯ್ಯುವ ಸಿರೆಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಗದ್ದೆಗೆ ನೀರು ಬಿಡುವ ತೂಬು ದೊಡ್ಡದು ಮಾಡಿ, ನೀರು ಹೊರಹೋಗುವ ಕಾಲುವೆಯನ್ನು ಹಾಗೇ ಬಿಟ್ಟಂತೆ. ಹೆಚ್ಚಾದ ಒತ್ತಡಕ್ಕೆ ನೀರಿನಂಶ ಸುತ್ತಲಿನ ಮಾಂಸಕ್ಕೆ ಜಿನುಗುತ್ತದೆ. ದೇಹದಲ್ಲಿ ನೀರು ತುಂಬಿಕೊಂಡು ಆದ ಊತವಲ್ಲವಾದ್ದರಿಂದ ಮೂತ್ರ ಹೋಗಿಸುವ ಮಾತ್ರೆ ಕೊಟ್ಟರೆ ಇದು ಇಳಿಯುವುದಿಲ್ಲ. ಆದರೂ ಆ ಮಾತ್ರೆ ಸೇರಿಸುವುದು ನಡೆದೇ ಇದೆ. ಅದರಿಂದ ಪೊಟ್ಯಾಶಿಯಂ ಇಳಿಯುತ್ತದೆ, ಅದಕ್ಕೊಂದು ಸಿರಪ್ ಬರುತ್ತದೆ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ, ಊತ ಮಾತ್ರ ಅಲ್ಲೇ ಇರುತ್ತದೆ.

ದಾರಿಗಳು ಮೂರು. ಡೋಸ್ 10ರಿಂದ 5ಕ್ಕೆ ಇಳಿಸಿ, ಉಳಿದ ಕೆಲಸಕ್ಕೆ ಬೇರೆ ಗುಂಪಿನ ಮಾತ್ರೆ ಸೇರಿಸುವುದು. ಟೆಲ್ಮಿಸಾರ್ಟನ್‌ನಂಥ ಮಾತ್ರೆಯನ್ನು ಜೊತೆಗೆ ಕೊಡುವುದು, ಅದು ಸಿರೆಗಳನ್ನೂ ಸಡಿಲಿಸುವುದರಿಂದ ಊತ ಕಡಿಮೆಯಾಗುತ್ತದೆ. ಇಲ್ಲವೇ ಸಿಲ್ನಿಡಿಪಿನ್‌ಗೆ ಬದಲಾಯಿಸುವುದು. ಜಪಾನಿನಲ್ಲಿ ಹುಟ್ಟಿದ ಸಿಲ್ನಿಡಿಪಿನ್ ಈಗ ನಮ್ಮಲ್ಲಿ ಧಾರಾಳವಾಗಿ ಬರೆಯಲ್ಪಡುತ್ತಿದೆ, ಇದರಲ್ಲಿ ಊತ ಕಡಿಮೆ ಎಂಬುದು ನಿಜ. ಆದರೆ ಹೃದಯಾಘಾತ, ಪಾರ್ಶ್ವವಾಯು ತಡೆದ ಬಗ್ಗೆ ಅಮ್ಲೋಡಿಪಿನ್‌ಗೆ ಇರುವಷ್ಟು ದೊಡ್ಡ ಅಧ್ಯಯನಗಳ ಬೆಂಬಲ ಇದಕ್ಕಿಲ್ಲ. ಊತವೇ ಇಲ್ಲದವರು ಹೊಸದು ಎಂಬ ಒಂದೇ ಕಾರಣಕ್ಕೆ ಬದಲಿಸಿಕೊಳ್ಳಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದೇ ಕಾಲು ಊದಿಕೊಂಡು ನೋವಿದ್ದರೆ, ಅಥವಾ ಊತದ ಜೊತೆ ಮಲಗಿದಾಗ ಉಸಿರು ಕಟ್ಟಿದರೆ ಮಾತ್ರೆಯ ಮೇಲೆ ತಪ್ಪು ಹೊರಿಸಿ ಕೂರಬೇಡಿ. ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ಹೃದಯದ ತೊಂದರೆಯಿರಬಹುದು, ಅಂದೇ ತೋರಿಸಿ.

ಮಲಬದ್ಧತೆ, ಮುಖ ಬಿಸಿಯಾಗುವುದು, ಮೊದಲ ವಾರದ ತಲೆನೋವು ಕೂಡ ಈ ಗುಂಪಿನವು. ವಸಡು ದಪ್ಪವಾಗಿ ಹಲ್ಲಿನ ಮೇಲೆ ಬೆಳೆಯುವುದು ಅಪರೂಪ. ಹಲ್ಲಿನ ಡಾಕ್ಟರಿಗೆ ಬಿಪಿ ಮಾತ್ರೆಯ ಹೆಸರು ಹೇಳಬೇಕಾದ್ದು ಇದಕ್ಕೇ. ಗ್ರೇಪ್‌ಫ್ರೂಟ್ ಹಣ್ಣು ನಿಫೆಡಿಪಿನ್, ಫೆಲೊಡಿಪಿನ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ನಮ್ಮ ದೇವನಹಳ್ಳಿಯ ಚಕ್ಕೋತ ಅದರ ಹತ್ತಿರದ ಬಂಧು. ಆ ಎರಡು ಮಾತ್ರೆ ತೆಗೆದುಕೊಳ್ಳುವವರು ಚಕ್ಕೋತ ತಿನ್ನುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು. ಅಮ್ಲೋಡಿಪಿನ್ ಮೇಲೆ ಗ್ರೇಪ್‌ಫ್ರೂಟಿನ ಪರಿಣಾಮ ತೀರ ಕಡಿಮೆ.

ಸಾರ್ಟನ್‌ಗಳೋ ಪ್ರಿಲ್‌ಗಳೋ

ಈ ಎರಡು ಗುಂಪುಗಳು ದೇಹದಲ್ಲಿ ಬಿಪಿ ಏರಿಸುವ ಒಂದೇ ಸರಪಳಿಯ ಬೇರೆ ಬೇರೆ ಕೊಂಡಿಗಳನ್ನು ತಡೆಯುತ್ತವೆ. ಪ್ರಿಲ್‌ಗಳು ಹಳೆಯವು. ಮೊದಲನೆಯದಾದ ಕ್ಯಾಪ್ಟೊಪ್ರಿಲ್ ಹುಟ್ಟಿದ್ದು ಬ್ರೆಜಿಲ್‌ನ ಒಂದು ವಿಷದ ಹಾವಿನ ಮೇಲೆ ನಡೆದ ಸಂಶೋಧನೆಯಿಂದ. ಸಾರ್ಟನ್‌ಗಳಲ್ಲಿ ಮೊದಲು ಬಂದದ್ದು ಲೊಸಾರ್ಟನ್, 1995ರಲ್ಲಿ.

ಎರಡರ ನಡುವಿನ ದೊಡ್ಡ ವ್ಯತ್ಯಾಸ ಕೆಮ್ಮು. ಎನಲಾಪ್ರಿಲ್, ರಾಮಿಪ್ರಿಲ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಗಂಟಲು ಕೆರೆಯುವ, ಕಫವಿಲ್ಲದ ಒಣಕೆಮ್ಮು ಹಿಡಿಯುತ್ತದೆ. ಬ್ರಾಡಿಕೈನಿನ್ ಎಂಬ ವಸ್ತು ಒಡೆಯದೆ ಉಳಿಯುವುದೇ ಕಾರಣ. ಮಾತ್ರೆ ಶುರುವಾದ ವಾರದಲ್ಲೂ ಬರಬಹುದು, ತಿಂಗಳುಗಳ ನಂತರವೂ ಬರಬಹುದು. ತಡವಾಗಿ ಬಂದಾಗ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಸಿರಪ್, ಆ್ಯಂಟಿಬಯಾಟಿಕ್, ಎಕ್ಸ್‌ರೇ, ಅಲರ್ಜಿ ಮಾತ್ರೆ ಎಲ್ಲ ಮುಗಿದ ಮೇಲೆ ಯಾರೋ ಒಬ್ಬರು ಚೀಟಿ ನೋಡಿ ರಾಮಿಪ್ರಿಲ್ ನಿಲ್ಲಿಸುತ್ತಾರೆ. ನಿಲ್ಲಿಸಿದ ಮೇಲೂ ಕೆಮ್ಮು ಪೂರ್ತಿ ಹೋಗಲು ಕೆಲವು ವಾರ ಬೇಕು. ಡೋಸ್ ಇಳಿಸಿ ಪ್ರಯೋಜನವಿಲ್ಲ, ಒಂದು ಪ್ರಿಲ್ ಬದಲು ಇನ್ನೊಂದು ಪ್ರಿಲ್ ಕೊಟ್ಟೂ ಪ್ರಯೋಜನವಿಲ್ಲ. ಸಾರ್ಟನ್‌ಗೆ ಹೋಗಬೇಕು. 2008ರ ಆನ್‌ಟಾರ್ಗೆಟ್ ಅಧ್ಯಯನದಲ್ಲಿ ಕೆಮ್ಮಿನಿಂದಾಗಿ ರಾಮಿಪ್ರಿಲ್ ಬಿಟ್ಟವರು ನೂರಕ್ಕೆ 4.2, ಟೆಲ್ಮಿಸಾರ್ಟನ್ ಬಿಟ್ಟವರು 1.1. ಹೃದಯವನ್ನು ಕಾಯುವುದರಲ್ಲಿ ಎರಡೂ ಸಮವಾಗಿದ್ದವು. ಅದೇ ಅಧ್ಯಯನ ಇನ್ನೊಂದನ್ನೂ ತೋರಿಸಿತು: ಎರಡನ್ನೂ ಒಟ್ಟಿಗೆ ಕೊಟ್ಟರೆ ಲಾಭ ಹೆಚ್ಚುವುದಿಲ್ಲ, ಕಿಡ್ನಿಗೆ ಹಾನಿ ಹೆಚ್ಚುತ್ತದೆ. ನಿಮ್ಮ ಚೀಟಿಯಲ್ಲಿ ಒಂದು ಸಾರ್ಟನ್, ಒಂದು ಪ್ರಿಲ್ ಎರಡೂ ಇದ್ದರೆ ಕೂಡಲೇ ಕೇಳಿ.

ಹೊಸದಾಗಿ ಶುರು ಮಾಡುವವರಿಗೆ ನಾನು ಸಾರ್ಟನ್ ಪರ. ಹೃದಯಾಘಾತವಾಗಿ ಅಥವಾ ಹೃದಯ ದುರ್ಬಲವಾಗಿ ವೈದ್ಯರು ಪ್ರಿಲ್ ಆರಿಸಿದ್ದರೆ, ಕೆಮ್ಮು ಇಲ್ಲದಿದ್ದರೆ, ಅದು ಹಾಗೇ ಇರಲಿ.

ಸಾರ್ಟನ್‌ಗಳ ಒಳಗೂ ಸಣ್ಣ ವ್ಯತ್ಯಾಸಗಳಿವೆ. ಟೆಲ್ಮಿಸಾರ್ಟನ್ ದಿನಪೂರ್ತಿ ಹಿಡಿದಿಡುತ್ತದೆ, ಪಿತ್ತದ ಮೂಲಕ ಹೊರಹೋಗುತ್ತದೆ. ಲೊಸಾರ್ಟನ್ ಯೂರಿಕ್ ಆಸಿಡ್ಡನ್ನು ಸ್ವಲ್ಪ ಇಳಿಸುವುದರಿಂದ ಗೌಟ್ ಎಂಬ ಗಂಟುನೋವು ಇರುವವರಿಗೆ ಅನುಕೂಲ. ಓಲ್ಮೆಸಾರ್ಟನ್ ತೆಗೆದುಕೊಳ್ಳುವ ಕೆಲವೇ ಕೆಲವರಲ್ಲಿ, ಶುರು ಮಾಡಿ ತಿಂಗಳುಗಳೋ ವರ್ಷಗಳೋ ಆದ ಮೇಲೆ, ನಿಲ್ಲದ ಭೇದಿ ಬಂದು ತೂಕ ಇಳಿಯುತ್ತದೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದರ ಬಗ್ಗೆ ಎಚ್ಚರಿಸಿದ್ದರು. ಕರುಳಿನ ಪರೀಕ್ಷೆಗಳಿಗೆ ಓಡಾಡುವ ಮೊದಲು ಮಾತ್ರೆಯ ಹೆಸರು ನೋಡಬೇಕಾದ ಇನ್ನೊಂದು ಸಂದರ್ಭ ಇದು.

ಟೆಲ್ಮಿಸಾರ್ಟನ್‌ಗೆ ತೇವ ಆಗುವುದಿಲ್ಲ. ಸ್ಟ್ರಿಪ್‌ನಿಂದ ಬಿಡಿಸಿ ವಾರದ ಡಬ್ಬಿಗೆ ತುಂಬಿಟ್ಟರೆ ಮಾತ್ರೆ ಮೆತ್ತಗಾಗಿ ಕೆಡುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಸ್ಟ್ರಿಪ್ಪನ್ನು ಕತ್ತರಿಸಿ, ಕವಚದ ಸಮೇತ ಡಬ್ಬಿಗೆ ಹಾಕಿ.

ಎರಡೂ ಗುಂಪಿಗೆ ಅನ್ವಯಿಸುವ ಎಚ್ಚರಿಕೆಗಳು ಈಗ. ಪೊಟ್ಯಾಶಿಯಂ ಏರಬಹುದು, ಕಿಡ್ನಿಯ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಆದ್ದರಿಂದ ಶುರು ಮಾಡಿದ ಕೆಲವು ವಾರದಲ್ಲಿ ಒಂದು ರಕ್ತ ಪರೀಕ್ಷೆ ಬೇಕು. ಕ್ರಿಯಾಟಿನಿನ್ ನೂರಕ್ಕೆ 30ರವರೆಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ, ಅದಕ್ಕಿಂತ ಹೆಚ್ಚಾದರೆ ಕಾರಣ ಹುಡುಕುತ್ತಾರೆ. ಕಿಡ್ನಿ ಚೆನ್ನಾಗಿದ್ದರೆ ದಿನಕ್ಕೊಂದು ಎಳನೀರು ಕುಡಿಯಲು ಅಡ್ಡಿಯಿಲ್ಲ. ಕಿಡ್ನಿ ಕುಗ್ಗಿದವರಿಗೆ ಎಳನೀರು, ಬಾಳೆಹಣ್ಣು ಅಳತೆ ಮೀರಬಾರದು. 'ಲೋ ಸೋಡಿಯಂ' ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲಿನ ಬದಲು ತುಂಬಿರುವುದು ಪೊಟ್ಯಾಶಿಯಂ. ಬಿಪಿಗೆ ಒಳ್ಳೆಯದು ಎಂದು ಮಕ್ಕಳು ಪ್ರೀತಿಯಿಂದ ತಂದುಕೊಡುವ ಆ ಪೊಟ್ಟಣ, ಕಿಡ್ನಿ ದುರ್ಬಲವಾಗಿದ್ದು ಟೆಲ್ಮಿಸಾರ್ಟನ್ ತೆಗೆದುಕೊಳ್ಳುವ ತಾಯಿಯ ಹೃದಯದ ಬಡಿತವನ್ನೇ ತಪ್ಪಿಸಬಹುದು.

ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಮಾತ್ರೆಗಳು ಬಿಪಿ ಏರಿಸುತ್ತವೆ. ಅಷ್ಟೇ ಅಲ್ಲದೆ ಸಾರ್ಟನ್, ಮೂತ್ರದ ಮಾತ್ರೆ, ನೋವಿನ ಮಾತ್ರೆ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿ ದಿನಗಳಲ್ಲೇ ಕುಸಿಯಬಹುದು. ವಾಂತಿ ಭೇದಿಯಾದಾಗಲೂ ಇದೇ ಅಪಾಯ. ಹೊಟ್ಟೆ ಕೆಟ್ಟು ನೀರೂ ನಿಲ್ಲದ ದಿನ ಸಾರ್ಟನ್ ಅಥವಾ ಮೂತ್ರದ ಮಾತ್ರೆ ತೆಗೆದುಕೊಳ್ಳಬೇಕೇ ಬೇಡವೇ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿ. ಸಾಮಾನ್ಯವಾಗಿ ಅವರು ಒಂದೆರಡು ದಿನ ತಡೆಹಿಡಿದು, ಊಟ ಸರಿಯಾದ ಮೇಲೆ ಮತ್ತೆ ಶುರು ಮಾಡಲು ಹೇಳುತ್ತಾರೆ.

ಗರ್ಭಿಣಿಯರಿಗೆ ಸಾರ್ಟನ್ ಮತ್ತು ಪ್ರಿಲ್ ಕೂಡದು. ಮಗುವಿನ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಮಗು ಬೇಕೆಂದಿರುವ ಹೆಣ್ಣುಮಗಳಿಗೆ ಬಿಪಿ ಇದ್ದರೆ ಮೊದಲೇ ಹೇಳಿ ಮಾತ್ರೆ ಬದಲಿಸಿಕೊಳ್ಳಬೇಕು. ಲ್ಯಾಬೆಟಲಾಲ್, ಮೀಥೈಲ್‌ಡೋಪಾ, ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ ಆ ಕಾಲಕ್ಕೆ ಬಳಸುವ ಮಾತ್ರೆಗಳು.

ಮೂತ್ರ ಹೆಚ್ಚಿಸುವ ಮಾತ್ರೆಗಳು

ಹೈಡ್ರೋಕ್ಲೋರೋಥಯಾಝೈಡ್, ಕ್ಲೋರ್‌ಥಾಲಿಡೋನ್, ಇಂಡಪಮೈಡ್. ಹೆಸರು ಕೇಳಿ ದಿನವಿಡೀ ಶೌಚಾಲಯಕ್ಕೆ ಓಡಬೇಕೆಂದು ಹೆದರುವವರಿದ್ದಾರೆ, ಮೊದಲ ಕೆಲವು ದಿನ ಕಳೆದರೆ ಅಷ್ಟೇನೂ ಇರುವುದಿಲ್ಲ. ಬೆಳಿಗ್ಗೆ ತೆಗೆದುಕೊಂಡರೆ ರಾತ್ರಿ ನಿದ್ದೆ ಕೆಡುವುದಿಲ್ಲ. ವಯಸ್ಸಾದವರಲ್ಲಿ, ಮೇಲಿನ ಬಿಪಿ ಮಾತ್ರ ಏರಿರುವವರಲ್ಲಿ, ಉಪ್ಪಿನಕಾಯಿ ಹಪ್ಪಳ ಬಿಡಲಾಗದವರಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ.

ಕ್ಲೋರ್‌ಥಾಲಿಡೋನ್ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ ಎಂದು ಬಹುಕಾಲ ಅದನ್ನೇ ಮೇಲು ಎನ್ನುತ್ತಿದ್ದರು. 2022ರಲ್ಲಿ ಅಮೆರಿಕದಲ್ಲಿ ಅದನ್ನೂ ಹೈಡ್ರೋಕ್ಲೋರೋಥಯಾಝೈಡನ್ನೂ ನೇರವಾಗಿ ಹೋಲಿಸಿದಾಗ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ಅಂತರ ಸಿಗಲಿಲ್ಲ, ಪೊಟ್ಯಾಶಿಯಂ ಇಳಿಯುವುದು ಮಾತ್ರ ಕ್ಲೋರ್‌ಥಾಲಿಡೋನ್‌ನಲ್ಲಿ ಹೆಚ್ಚಾಗಿತ್ತು. ಹೈಡ್ರೋಕ್ಲೋರೋಥಯಾಝೈಡ್ ಹೊಂದಿಕೊಂಡಿರುವವರು ಅದನ್ನು ಬಿಡುವ ಅಗತ್ಯವಿಲ್ಲ.

ಯೂರಿಕ್ ಆಸಿಡ್ ಏರಿ ಕಾಲಿನ ಹೆಬ್ಬೆರಳಿನ ಗಂಟು ಕೆಂಪಾಗಿ ಸಿಡಿಯುವುದು, ಸಕ್ಕರೆ ಸ್ವಲ್ಪ ಏರುವುದು, ಪೊಟ್ಯಾಶಿಯಂ ಇಳಿದು ಮೀನಖಂಡ ಹಿಡಿದುಕೊಳ್ಳುವುದು ಇವುಗಳ ಅಡ್ಡಪರಿಣಾಮ. ಗೌಟ್ ಇರುವವರಿಗೆ ಈ ಗುಂಪು ಬೇಡ. ಇವೆಲ್ಲಕ್ಕಿಂತ ನಾನು ಹೆಚ್ಚು ಹೆದರುವುದು ಸೋಡಿಯಂ ಇಳಿಯುವುದಕ್ಕೆ. ಎಪ್ಪತ್ತು ದಾಟಿದ ಅಜ್ಜಿ, ಊಟ ಕಡಿಮೆ, ಬಿಪಿ ಎಂದು ಉಪ್ಪನ್ನೂ ಬಿಟ್ಟಿದ್ದಾರೆ, ಮೇಲೆ 'ಎಚ್' ಮಾತ್ರೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಬೆವರಿ ಬೆವರಿ ಬರೀ ನೀರು ಕುಡಿಯುತ್ತಾರೆ. ಒಂದು ದಿನ ಮಾತು ತೊದಲುತ್ತದೆ, ಮಗನ ಹೆಸರು ಮರೆಯುತ್ತದೆ, ಮಂಕಾಗಿ ಮಲಗಿಬಿಡುತ್ತಾರೆ. ವಯಸ್ಸಾಯಿತು, ಮರೆವು ಎಂದು ಮನೆಯವರು ಸುಮ್ಮನಾಗುತ್ತಾರೆ. ರಕ್ತ ಪರೀಕ್ಷೆ ಮಾಡಿದರೆ ಸೋಡಿಯಂ 118 ಇರುತ್ತದೆ, ಇರಬೇಕಾದ್ದು 135ಕ್ಕಿಂತ ಮೇಲೆ. ಮಾತ್ರೆ ನಿಲ್ಲಿಸಿ ಆಸ್ಪತ್ರೆಯಲ್ಲಿ ನಿಧಾನವಾಗಿ ಸರಿಪಡಿಸಿದರೆ ಅದೇ ಅಜ್ಜಿ ಎದ್ದು ಕೂತು ಕಾಫಿ ಕೇಳುತ್ತಾರೆ. ಖಿನ್ನತೆಯ ಕೆಲವು ಮಾತ್ರೆಗಳೂ ಜೊತೆಗಿದ್ದರೆ ಈ ಅಪಾಯ ಇನ್ನೂ ಹೆಚ್ಚು. ವಯಸ್ಸಾದವರಿಗೆ ಈ ಗುಂಪಿನ ಮಾತ್ರೆ ಶುರುವಾದರೆ ಎರಡು ಮೂರು ವಾರದೊಳಗೆ ಸೋಡಿಯಂ, ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿ, ಬೇಸಿಗೆಯಲ್ಲಿ ಇನ್ನೊಮ್ಮೆ.

ಬೀಟಾ ಬ್ಲಾಕರ್‌ಗಳು

ಹೃದಯಾಘಾತವಾದವರಿಗೆ, ಹೃದಯ ದುರ್ಬಲವಾದವರಿಗೆ, ಎದೆಬಡಿತ ವೇಗವಾಗಿರುವವರಿಗೆ ಇವು ಹೆಚ್ಚಿನ ಸಲ ಬೇಕಾಗುತ್ತವೆ. ಬರೀ ಬಿಪಿಗೆ ಮಾತ್ರ ಇವನ್ನು ಮೊದಲ ಮಾತ್ರೆಯಾಗಿ ಕೊಡುವ ಪದ್ಧತಿ ಈಗ ಹಿಂದೆ ಸರಿದಿದೆ. 2002ರ ಲೈಫ್ ಅಧ್ಯಯನದಲ್ಲಿ ಅಟೆನೊಲಾಲ್ ತೆಗೆದುಕೊಂಡವರಿಗಿಂತ ಲೊಸಾರ್ಟನ್ ತೆಗೆದುಕೊಂಡವರಲ್ಲಿ ಪಾರ್ಶ್ವವಾಯು ನೂರಕ್ಕೆ 25ರಷ್ಟು ಕಡಿಮೆಯಿತ್ತು, ಬಿಪಿ ಇಳಿದದ್ದು ಮಾತ್ರ ಎರಡರಲ್ಲೂ ಹತ್ತಿರ ಹತ್ತಿರ ಒಂದೇ. ಇಪ್ಪತ್ತು ವರ್ಷದ ಹಿಂದೆ ಬರೆದ ಅಟೆನೊಲಾಲನ್ನು ಇಂದಿಗೂ ಹಾಗೇ ನುಂಗುತ್ತಿರುವವರು ನಮ್ಮಲ್ಲಿ ಬಹಳ. ಹೃದಯದ ಕಾರಣಕ್ಕೆ ಕೊಟ್ಟದ್ದೋ ಬರೀ ಬಿಪಿಗೆ ಕೊಟ್ಟದ್ದೋ ಎಂದು ಮುಂದಿನ ಸಲ ಕೇಳಿ.

ಸುಸ್ತು, ಕೈಕಾಲು ತಣ್ಣಗಾಗುವುದು, ಕೆಟ್ಟ ಕನಸು, ನಾಡಿ ನಿಧಾನವಾಗುವುದು ಇವುಗಳ ಲಕ್ಷಣ. ಅಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗ ಆಗುವ ಎದೆಬಡಿತ, ನಡುಕಗಳನ್ನು ಇವು ಮುಚ್ಚಿಬಿಡುತ್ತವೆ, ಬೆವರು ಮಾತ್ರ ಬರುತ್ತದೆ. ಆ ಬೆವರನ್ನೇ ಗುರುತು ಮಾಡಿಕೊಳ್ಳಿ. ಇವನ್ನು ಥಟ್ಟನೆ ನಿಲ್ಲಿಸಲೇಬಾರದು, ಎದೆನೋವು ಮರುಕಳಿಸುತ್ತದೆ.

ಗಂಡಸರು ವೈದ್ಯರ ಮುಂದೆ ಬಾಯಿ ಬಿಡದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹಳೆಯ ಬೀಟಾ ಬ್ಲಾಕರ್‌ಗಳು ಮತ್ತು ಮೂತ್ರದ ಮಾತ್ರೆಗಳು ಲೈಂಗಿಕ ಶಕ್ತಿಯನ್ನು ಕುಗ್ಗಿಸಬಹುದು. ಎಷ್ಟೋ ಗಂಡಸರು ಮಾತ್ರೆ ಬಿಟ್ಟುಬಿಡುವುದು ಇದಕ್ಕೇ, ಕಾರಣ ಕೇಳಿದರೆ ಮರೆತೆ ಎನ್ನುತ್ತಾರೆ. ಸಾರ್ಟನ್‌ಗಳಲ್ಲಿ ಈ ತೊಂದರೆ ತೀರ ಕಡಿಮೆ, ಬೀಟಾ ಬ್ಲಾಕರ್ ಬೇಕೇ ಬೇಕಾದವರಿಗೆ ನೆಬಿವೊಲಾಲ್ ಇದೆ. ಒಂದು ವಾಕ್ಯ ಹೇಳಿದರೆ ಬದಲಾಗುವ ವಿಷಯಕ್ಕೆ ಪಾರ್ಶ್ವವಾಯುವಿನ ಅಪಾಯ ಮೈಮೇಲೆಳೆದುಕೊಳ್ಳಬೇಡಿ.

ಉಳಿದವು

ಮೂರು ಮಾತ್ರೆಗೂ ಬಗ್ಗದ ಬಿಪಿಗೆ ಸ್ಪೈರೊನೊಲ್ಯಾಕ್ಟೋನ್ ಚೆನ್ನಾಗಿ ಕೆಲಸ ಮಾಡುತ್ತದೆಂದು 2015ರ ಪಾಥ್‌ವೇ-2 ಅಧ್ಯಯನ ತೋರಿಸಿತು. ಗಂಡಸರಲ್ಲಿ ಸ್ತನ ಉಬ್ಬಿ ನೋಯಬಹುದು, ಪೊಟ್ಯಾಶಿಯಂ ಏರಬಹುದು. ಪ್ರಜೋಸಿನ್ ಪ್ರಾಸ್ಟೇಟ್ ತೊಂದರೆ ಇರುವವರಿಗೆ ಎರಡು ರೀತಿಯಲ್ಲೂ ಒದಗುತ್ತದೆ, ಆದರೆ ಮೊದಲ ಮಾತ್ರೆಯ ರಾತ್ರಿ ಎದ್ದಾಗ ತಲೆ ತಿರುಗಿ ಬೀಳುವ ಭಯವಿದೆ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಬೇಕು. ಕ್ಲೋನಿಡಿನ್ ಬಾಯಿ ಒಣಗಿಸುತ್ತದೆ, ಒಮ್ಮೆಲೇ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲೆ ಹಾರುತ್ತದೆ.

ಸರ್ಪಗಂಧದ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಅದು ನಿಜಕ್ಕೂ ಬಿಪಿ ಇಳಿಸುತ್ತದೆ. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಹಾರ್ಟ್ ಜರ್ನಲ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದ ಮೇಲೆ ಜಗತ್ತು ಇತ್ತ ತಿರುಗಿತು, 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ನಾಟಿ ಔಷಧಿಗೆ ಅಡ್ಡಪರಿಣಾಮ ಇಲ್ಲ ಎಂಬ ನಂಬಿಕೆ ಮಾತ್ರ ಇದಕ್ಕೆ ಸಲ್ಲದು. ಮೂಗು ಕಟ್ಟುವುದು, ಮಂಪರು, ಮನಸ್ಸು ಕುಗ್ಗುವುದು ಇದರಲ್ಲಿ ಸಾಕಷ್ಟಿದೆ. ಬೇರೆ ಬಿಪಿ ಮಾತ್ರೆಯ ಜೊತೆ ಕದ್ದುಮುಚ್ಚಿ ಸೇರಿಸಬಾರದು.

ನಿಮಗೆ ಯಾವುದು

ಸಕ್ಕರೆ ಕಾಯಿಲೆಯಿದ್ದು ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದ್ದರೆ ಸಾರ್ಟನ್ ಅಥವಾ ಪ್ರಿಲ್ ಮೊದಲು ಇರಬೇಕು, ಅದು ಕಿಡ್ನಿಯನ್ನೂ ಕಾಯುತ್ತದೆ. ಬೇರೆ ಕಾಯಿಲೆಯಿಲ್ಲದ ಅರವತ್ತು ದಾಟಿದವರಿಗೆ ಅಮ್ಲೋಡಿಪಿನ್‌ನಿಂದ ಶುರು ಮಾಡುವುದು ಸುಲಭ. ದಿನವಿಡೀ ನಿಂತು ಕೆಲಸ ಮಾಡುವವರು, ಬಸ್ ಕಂಡಕ್ಟರು, ಅಂಗಡಿಯವರು, ಟೀಚರು, ಮೊದಲೇ ಕಾಲಿನ ನರ ಉಬ್ಬಿರುವವರು ಅಮ್ಲೋಡಿಪಿನ್ 10 ಮಿಲಿಗ್ರಾಂಗೆ ಹೋಗುವ ಮೊದಲು ಸಾರ್ಟನ್ ಸೇರಿಸಿಕೊಳ್ಳುವುದು ಲೇಸು. ಬಿಸಿಲಲ್ಲಿ ದುಡಿಯುವ ರೈತರಿಗೆ ಮೂತ್ರದ ಮಾತ್ರೆ ಎರಡನೆಯ ಅಥವಾ ಮೂರನೆಯ ಆಯ್ಕೆಯಾಗಲಿ. ಎಂಬತ್ತರ ಆಸುಪಾಸಿನವರಿಗೆ ಯಾವುದೇ ಆಗಲಿ ಅರ್ಧ ಡೋಸ್‌ನಿಂದ ಶುರುವಾಗಬೇಕು, ಅವರನ್ನು ಎದ್ದು ನಿಲ್ಲಿಸಿಯೂ ಬಿಪಿ ನೋಡಬೇಕು.

ಒಂದೇ ಮಾತ್ರೆ ಸಾಕು, ಎರಡು ಬೇಡ ಎಂದು ಹಟ ಹಿಡಿಯುವವರಿದ್ದಾರೆ. ಒಂದೇ ಔಷಧದ ಡೋಸ್ ದುಪ್ಪಟ್ಟು ಮಾಡಿದರೆ ಬಿಪಿ ಇಳಿಯುವುದು ಸ್ವಲ್ಪ, ಅಡ್ಡಪರಿಣಾಮ ಏರುವುದು ಬಹಳ. ಬೇರೆ ಗುಂಪಿನದನ್ನು ಸಣ್ಣ ಡೋಸ್‌ನಲ್ಲಿ ಸೇರಿಸಿದರೆ ದುಪ್ಪಟ್ಟು ಮಾಡಿದ್ದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ಇಳಿಯುತ್ತದೆ ಎಂದು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಹೇಳಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯೂ ಜೋಡಿ ಮಾತ್ರೆಯ ಪರವಾಗಿದೆ. ಟೆಲ್ಮಿಸಾರ್ಟನ್ 40, ಅಮ್ಲೋಡಿಪಿನ್ 5 ಸೇರಿದ ಒಂದೇ ಗುಳಿಗೆ ಹೆಚ್ಚಿನವರಿಗೆ ಅಮ್ಲೋಡಿಪಿನ್ 10ಕ್ಕಿಂತ ಹಿತವಾಗಿರುತ್ತದೆ.

ಬೆಳಿಗ್ಗೆಯೋ ರಾತ್ರಿಯೋ? 2022ರಲ್ಲಿ ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಮಂದಿಯಲ್ಲಿ ನಡೆದ ಟೈಮ್ ಅಧ್ಯಯನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರೆಯದ ಹೊತ್ತೇ ಸರಿಯಾದ ಹೊತ್ತು. ಮಾತ್ರೆ ಹೆಸರಿನ ಮುಂದೆ ಎಕ್ಸ್‌ಎಲ್, ಇಆರ್, ಎಸ್‌ಆರ್ ಎಂದಿದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಪುಡಿ ಮಾಡಬೇಡಿ, ಅಗಿಯಬೇಡಿ. ಮರೆತದ್ದಕ್ಕೆ ಮರುದಿನ ಎರಡು ನುಂಗಬೇಡಿ.

ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ವೈದ್ಯರ ಭೇಟಿಗೆ ಮೊದಲಿನ ಏಳು ದಿನ, ಐದು ನಿಮಿಷ ಸುಮ್ಮನೆ ಕೂತು, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ ಅಳೆದು ಬರೆದಿಡಿ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಹೆಚ್ಚು ಎಂದು ಲೆಕ್ಕ. ಜೊತೆಗೆ ಹೊಸ ತೊಂದರೆ ಯಾವ ದಿನ ಶುರುವಾಯಿತು, ಅದಕ್ಕೆ ಮೊದಲು ಯಾವ ಮಾತ್ರೆ ಬದಲಾಯಿತು ಎಂದೂ ಬರೆಯಿರಿ.

ದುಡ್ಡಿನ ವಿಷಯ. ಇಲ್ಲಿ ಹೇಳಿದ ಮುಖ್ಯ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಬ್ರಾಂಡ್ ಬೆಲೆಯ ಒಂದು ಪಾಲಿಗೆ ಸಿಗುತ್ತವೆ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. 30 ದಾಟಿದವರನ್ನು ಮನೆ ಬಾಗಿಲಲ್ಲೇ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿದೆ. ದುಬಾರಿ ಬ್ರಾಂಡ್ ಕೊಂಡು ತಿಂಗಳ ಕೊನೆಗೆ ಹತ್ತು ದಿನ ಮಾತ್ರೆಯಿಲ್ಲದೆ ಕಳೆಯುವುದಕ್ಕಿಂತ ಅಗ್ಗದ್ದನ್ನು ತಪ್ಪದೆ ನುಂಗುವುದು ಎಷ್ಟೋ ಮೇಲು.

ಕೆಲವು ಲಕ್ಷಣಗಳಿಗೆ ಹೋಲಿಕೆ, ಯೋಚನೆ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು. ಪ್ರಿಲ್ ಅಥವಾ ಸಾರ್ಟನ್ ತೆಗೆದುಕೊಳ್ಳುವಾಗ ತುಟಿ, ನಾಲಗೆ, ಮುಖ ಊದಿಕೊಳ್ಳುವುದು. ಇದು ಅಪರೂಪ, ಪ್ರಿಲ್‌ಗಳಲ್ಲಿ ಹೆಚ್ಚು, ಗಂಟಲು ಮುಚ್ಚಿ ಜೀವಕ್ಕೆ ಬರಬಹುದು. ಪ್ರಜ್ಞೆ ತಪ್ಪುವುದು, ನಾಡಿ 50ಕ್ಕಿಂತ ಕೆಳಗಿಳಿದು ತಲೆಸುತ್ತು, ವಯಸ್ಸಾದವರಲ್ಲಿ ದಿಢೀರ್ ಗೊಂದಲ. ಬಿಪಿ 180/120 ದಾಟಿ ಎದೆನೋವು, ಉಸಿರುಗಟ್ಟುವಿಕೆ, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ 108ಕ್ಕೆ ಕರೆ ಮಾಡಿ. ನಾಲಗೆಯ ಕೆಳಗೆ ನಿಫೆಡಿಪಿನ್ ಇಡುವ ಹಳೆಯ ಪದ್ಧತಿಯನ್ನು ಯಾರು ಹೇಳಿದರೂ ಮಾಡಬೇಡಿ, ಬಿಪಿ ಒಮ್ಮೆಲೇ ಕುಸಿದು ಮಿದುಳಿಗೆ ರಕ್ತ ಸಾಲದೆ ಹೋಗುತ್ತದೆ. ಆಂಬ್ಯುಲೆನ್ಸ್ ಹತ್ತುವಾಗ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿ ಜೊತೆಗೆ ಒಯ್ಯಿರಿ.